ದೋಣಿಗೆ ತೂತು ಕೊರೆಯದೆ ಆಳ ನೋಡಲು: ಅಂಟಿಸಿದ ಸೆನ್ಸರೋ, ಎಣ್ಣೆ ಡಬ್ಬಿಯೋ?

ಕೋಡಿಬೆಂಗ್ರೆಯಲ್ಲಿ ಸೀತೆ, ಸುವರ್ಣೆ ಸೇರಿ ಕಡಲಿಗೆ ಬೀಳುವ ಅಳಿವೆ ಪ್ರತಿ ಮಳೆಗಾಲ ಕಳೆದಾಗಲೂ ಜಾಗ ಬದಲಿಸಿಕೊಂಡಿರುತ್ತದೆ. ಮೇ ತಿಂಗಳಲ್ಲಿ ಕಣ್ಣು ಮುಚ್ಚಿ ದಾಟಿದ ದಾರಿಯಲ್ಲೇ ಸೆಪ್ಟೆಂಬರಿನಲ್ಲಿ ಮರಳ ದಿಬ್ಬ. ನನ್ನದು 18 ಅಡಿಯ ಫೈಬರ್ ದೋಣಿ, ಹಿಂದೆ 9.9 ಎಚ್‌ಪಿ ಔಟ್‌ಬೋರ್ಡ್. ಭಾನುವಾರದ ಗಾಳದ ಹುಚ್ಚಿಗೆ ಇಷ್ಟು ಸಾಕು. ಫಿಶ್ ಫೈಂಡರ್ ಎಂದರೆ ಸೆನ್ಸರಿನಿಂದ ನೀರಿಗೆ ಶಬ್ದ ಕಳಿಸಿ, ಮರಳಿ ಬಂದ ಸದ್ದಿನಿಂದ ಆಳವನ್ನೂ ಮೀನನ್ನೂ ಪರದೆಯಲ್ಲಿ ತೋರಿಸುವ ಯಂತ್ರ. ಅದನ್ನು ಕೊಂಡದ್ದು ಮೀನಿಗಿಂತ ಹೆಚ್ಚಾಗಿ ಈ ಮರಳಿನ ಭಯಕ್ಕೆ.

ಮೊದಲು ಎಲ್ಲರಂತೆ ಸೆನ್ಸರನ್ನು ಹಿಂಬದಿ ಹಲಗೆಗೆ ಬ್ರಾಕೆಟ್ ಹಾಕಿ ಕೂರಿಸಿದೆ. ಚಿತ್ರವೇನೋ ಸ್ಫುಟವಾಗಿ ಬರುತ್ತಿತ್ತು. ಆದರೆ ನಮ್ಮ ದೋಣಿ ಜೆಟ್ಟಿಯಲ್ಲಿ ಕಟ್ಟಿ ನಿಲ್ಲುವಂಥದ್ದಲ್ಲ, ಮರಳ ಮೇಲೆ ಎಳೆದು ಹಾಕುವಂಥದ್ದು. ಮೂರನೇ ವಾರ ನಾಲ್ಕು ಜನ ಸೇರಿ ಎಳೆಯುವಾಗ ಬ್ರಾಕೆಟ್ ಲಟಕ್ಕೆಂದಿತು. ಸೆನ್ಸರ್ ಮಾತ್ರ ಉಳಿಯಿತು. ಬಲೆ ಹಾಕುವವರಿಗೆ ಇನ್ನೊಂದು ತಾಪತ್ರಯವೂ ಇದೆ, ಹಗ್ಗ ಸಿಕ್ಕಿಕೊಳ್ಳುವುದಕ್ಕೆ ಅದು ಕೊಕ್ಕೆ ಇದ್ದಂತೆ. ತಳ ಕೊರೆದು ಹೊರಕ್ಕೆ ಮುಖ ಮಾಡಿ ಕೂರಿಸುವ ಹಿತ್ತಾಳೆ ಬಣ್ಣದ ಸೆನ್ಸರುಗಳ ಬಗ್ಗೆ ಪಕ್ಕದ ದೋಣಿಯವರಿಗೆ ಹೇಳಿದೆ. "ಎಂತ ಮಾರಾಯ್ರೆ, ನೀರಿಗೆ ಹೋಪ್ ದೋಣಿಗೆ ನೀವೇ ತೂತ್ ಮಾಡುದಾ?" ಎಂದರು. ಆ ವಿಷಯ ಅಲ್ಲಿಗೇ ಮುಗಿಯಿತು.

ಉಳಿದದ್ದು ತಳದ ಒಳಗಡೆಯಿಂದಲೇ, ಫೈಬರ್ ಮೂಲಕ ಶಬ್ದ ಕಳಿಸುವ ದಾರಿ. ಇದರಲ್ಲಿ ಎರಡು ಬಗೆ. ಒಂದು, ಸೆನ್ಸರನ್ನು ಇಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಿಂದ ತಳಕ್ಕೆ ಅಂಟಿಸಿಬಿಡುವುದು. ಇನ್ನೊಂದು, ತಳಕ್ಕೆ ಡಬ್ಬಿ ಕೂರಿಸಿ, ದ್ರವ ತುಂಬಿ, ಸೆನ್ಸರನ್ನು ಅದರಲ್ಲಿ ಮುಳುಗಿಸುವುದು. ನಾನು ಎರಡನ್ನೂ ಮಾಡಿದೆ. ಒಂದೇ ಜಾತಿಯ 200 ಕಿಲೋಹರ್ಟ್ಜ್ ಸೆನ್ಸರ್ ಎರಡು, ಮಾನಿಟರ್ ಒಂದೇ. ಪ್ಲಗ್ ಬದಲಿಸಿದರೆ ಅದೇ ನೀರಿನಲ್ಲಿ ಇನ್ನೊಂದರ ಲೆಕ್ಕ ಸಿಗುತ್ತದೆ.

ಎರಡಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ತಳ ಗಟ್ಟಿ ಫೈಬರ್ ಆಗಿರಬೇಕು. ಮಧ್ಯೆ ಫೋಮ್ ಅಥವಾ ಪ್ಲೈವುಡ್ ಇದ್ದರೆ ಅದರೊಳಗಿನ ಗಾಳಿ ಶಬ್ದವನ್ನು ಅಲ್ಲೇ ಹಿಂದಕ್ಕೆ ತಳ್ಳುತ್ತದೆ. ನಾಣ್ಯದಿಂದ ತಟ್ಟಿ ನೋಡಿ: ಗಟ್ಟಿ ಜಾಗ ಠಣ್ ಎನ್ನುತ್ತದೆ, ಟೊಳ್ಳು ಡಬ್ ಎನ್ನುತ್ತದೆ. ಆಮೇಲೆ ಜಿಪ್ ಕವರಿನಲ್ಲಿ ನೀರು ತುಂಬಿ, ಸೆನ್ಸರನ್ನು ಅದರೊಳಗಿಟ್ಟು, ತಳದ ಮೇಲೆ ಸ್ವಲ್ಪ ನೀರು ಚೆಲ್ಲಿ, ಕವರನ್ನು ಒತ್ತಿ ಹಿಡಿಯಿರಿ. ನಾನು ಹೀಗೆ ಆರು ಜಾಗ ನೋಡಿದೆ. ಎಂಜಿನ್ ಕಡೆಗೆ, ಮಧ್ಯದ ಗೆರೆಯಿಂದ ಒಂದು ಗೇಣು ಪಕ್ಕದಲ್ಲಿ ಆಳ ನಿಚ್ಚಳವಾಗಿ ಬಂತು. ಒಂದೂವರೆ ಅಡಿ ಮುಂದಕ್ಕೆ ಸರಿಸಿದರೆ ಬರೇ ಗೀಟು. ಅಲ್ಲಿ ಒಳಗೆ ಮರದ ಪಟ್ಟಿ ಇತ್ತೆಂದು ಆಮೇಲೆ ಗೊತ್ತಾಯಿತು.

ಅಂಟಿಸುವುದರಲ್ಲಿ ಎರಡು ಸಲ ಕೈ ಸುಟ್ಟುಕೊಂಡೆ. ಮೊದಲ ಸಲ ಸಿಲಿಕೋನ್. ಮೆತ್ತಗಿರುವ ವಸ್ತು, ಶಬ್ದವನ್ನು ನುಂಗುತ್ತದೆ; ಐದು ಮೀಟರ್ ದಾಟಿದರೆ ಪರದೆ ಖಾಲಿ. ಕಿತ್ತು ಹಾಕಿ ಐದು ನಿಮಿಷದ ಇಪಾಕ್ಸಿ ಹಚ್ಚಿದೆ. ಅದು ಎಷ್ಟು ಬೇಗ ಬಿಸಿಯೇರಿ ಗಟ್ಟಿಯಾಯಿತೆಂದರೆ ಒಳಗಿನ ಗುಳ್ಳೆ ಹೊರಬರಲು ಪುರುಸೊತ್ತೇ ಸಿಗಲಿಲ್ಲ. ಮೂರನೇ ಸಲ ನಿಧಾನ ಒಣಗುವ ಇಪಾಕ್ಸಿ. 80ರ ಎಮ್ರಿ ಕಾಗದದಲ್ಲಿ ತಿಕ್ಕಿ, ಅಸಿಟೋನಿನಲ್ಲಿ ಒರೆಸಿ, ಮಕ್ಕಳ ಆಟದ ಕ್ಲೇಯಿಂದ ಸುತ್ತ ಕಟ್ಟೆ ಕಟ್ಟಿದೆ. ಕಲಸುವಾಗ ದೋಸೆ ಹಿಟ್ಟಿನಂತೆ ಬಡಿಯಬಾರದು, ಮೆಲ್ಲಗೆ ತಿರುಗಿಸಬೇಕು. ಸುರಿದು, ಸೆನ್ಸರನ್ನು ಓರೆಯಾಗಿ ಇಳಿಸಿ, ತಿರುಚುತ್ತಾ ಒತ್ತಿದಾಗ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದೊಂದಾಗಿ ಹೊರಟವು. ಮೇಲೆ ಇಟ್ಟಿಗೆ ಇಟ್ಟು ರಾತ್ರಿ ಬಿಟ್ಟೆ.

ಡಬ್ಬಿಗೆ ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡು ಬಳಸಿದೆ. ನನ್ನ ದೋಣಿಯ ತಳ ಸುಮಾರು 12 ಡಿಗ್ರಿ ಓರೆ. ಪೈಪಿನ ಬುಡವನ್ನು ಅದೇ ಓರೆಗೆ ಕತ್ತರಿಸಿ ರೆಸಿನ್ ಹಾಕಿ ಕೂರಿಸಿದರೆ ಸೆನ್ಸರ್ ನೆಟ್ಟಗೆ ಕೆಳಗೆ ನೋಡುತ್ತದೆ. ತುಂಬುವುದಕ್ಕೆ ನೀರು ಬೇಡ, ಆರಿಹೋಗುತ್ತದೆ. ತೆಂಗಿನೆಣ್ಣೆ ಸಾಕಲ್ಲ ಎಂದರು ಮನೆಯಲ್ಲಿ. ಡಿಸೆಂಬರ್ ಬೆಳಿಗ್ಗೆ ಅದು ಗಟ್ಟಿಯಾದರೆ ಏನು ಮಾಡುವುದು? ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಸರಿಯಾದದ್ದು. ಅರ್ಧ ಲೀಟರ್ ಕೇಳಿದಾಗ ಅಂಗಡಿಯವರು ನನ್ನ ಮುಖ ನೋಡಿದರು. ಮಲಬದ್ಧತೆಗೆ ಕೊಡುವ ಔಷಧಿ ಅದು.

ಸರಿ, ಲೆಕ್ಕಕ್ಕೆ ಬರೋಣ. ಹಗ್ಗಕ್ಕೆ ಕಬ್ಬಿಣ ಕಟ್ಟಿ ಇಳಿಬಿಟ್ಟರೆ ಏಳು ಮಾರು, ಅಂದರೆ ಹದಿಮೂರು ಮೀಟರಿಗೆ ತುಸು ಕಡಿಮೆ. ಅಂಟಿಸಿದ್ದೂ ಡಬ್ಬಿಯದ್ದೂ ಅಷ್ಟೇ ಹೇಳಿದವು, ಒಂದು ಗೇಣಿನ ವ್ಯತ್ಯಾಸವೂ ಇಲ್ಲ. ವ್ಯತ್ಯಾಸ ಕಂಡದ್ದು ಚಿತ್ರದಲ್ಲಿ. ತಳದ ಓರೆಗೇ ಅಂಟಿಕೊಂಡ ಸೆನ್ಸರ್ ಪಕ್ಕಕ್ಕೆ ನೋಡುತ್ತದೆ. ಹಾಗಾಗಿ ನೆಲದ ಗೆರೆ ದಪ್ಪವಾಗಿ, ಮಸುಕಾಗಿ ಬರುತ್ತದೆ, ಮೀನಿನ ಗುರುತು ಎಳೆದಂತೆ ಕಾಣುತ್ತದೆ. ಡಬ್ಬಿಯಲ್ಲಿ ಗೆರೆ ತೆಳ್ಳಗೆ, ಕೆಳಗಿನ ಬಂಡೆಯೂ ಕಲ್ಲೆಂದೇ ತಿಳಿಯುತ್ತದೆ. ಫೈಬರನ್ನು ಶಬ್ದ ಎರಡು ಸಲ ದಾಟಬೇಕಾದ್ದರಿಂದ ಹೊರಗೆ ಕಟ್ಟಿದ ಸೆನ್ಸರಿನಷ್ಟು ಬಲ ಎರಡಕ್ಕೂ ಇಲ್ಲ. ನಮ್ಮ ದಡದ ಹತ್ತು ಹದಿನೈದು ಮಾರಿಗೆ ಅದೇನೂ ಕೊರತೆಯಲ್ಲ. ನೀರಿನ ಬಿಸಿಯ ಅಂಕಿಯನ್ನು ಮಾತ್ರ ನಂಬಬೇಡಿ, ಅದು ದೋಣಿಯ ಒಳತಳದ ಬಿಸಿ.

ಇಷ್ಟಕ್ಕೇ ಡಬ್ಬಿ ಗೆದ್ದಿತು ಎಂದುಕೊಂಡಿದ್ದೆ. ನವೆಂಬರಿನ ಒಂದು ಸಂಜೆ ಅಳಿವೆಯ ಅಲೆಗೆ ದೋಣಿ ಎರಡು ಸಲ ಧಡ್ ಧಡ್ ಎಂದು ಬಿದ್ದಾಗ ಪರದೆಯಲ್ಲಿ ಅಂಕಿ ಮಾಯ. ಮುಚ್ಚಳ ಸಡಿಲಾಗಿ ಪ್ಯಾರಾಫಿನ್ ಚೆಲ್ಲಿ, ಸೆನ್ಸರಿನ ಮುಖದಡಿ ಗಾಳಿ ಸೇರಿತ್ತು. ಅಂಕಿ ಬೇಕಾದ್ದೇ ಆ ಐದು ನಿಮಿಷ! ಅಲ್ಲೇ ಕೂತು, ಒದ್ದೆ ಕೈಯಲ್ಲಿ ಪ್ಲಗ್ ಬದಲಿಸಿ, ಅಂಟಿಸಿದ್ದರ ಲೆಕ್ಕದಲ್ಲಿ ಒಳಗೆ ಬಂದೆ.

ಅಂದಿನಿಂದ ಅಳಿವೆಗೆ ಇಪಾಕ್ಸಿಯದ್ದು, ಮೀನಿನ ಜಾಗ ತಲುಪಿದ ಮೇಲೆ ಡಬ್ಬಿಯದ್ದು. ಒಂದನ್ನೇ ಹಾಕುವವರಿದ್ದರೆ ಇಪಾಕ್ಸಿ ಹಾಕಿ ಎನ್ನುತ್ತೇನೆ, ಕವರಿನ ಪರೀಕ್ಷೆ ಆದ ಮೇಲೆ ಮಾತ್ರ. ತಪ್ಪು ಜಾಗಕ್ಕೆ ಅಂಟಿದರೆ ಉಳಿಯಲ್ಲಿ ಕೆತ್ತಬೇಕು. ನಿಮ್ಮ ತಳ ಇನ್ನೂ ಹೆಚ್ಚು ಓರೆಯಾಗಿದ್ದರೆ ಡಬ್ಬಿಯೇ ಗತಿ, ಆದರೆ ಮುಚ್ಚಳಕ್ಕೆ ರಬ್ಬರ್ ವಾಷರ್ ಹಾಕಿ ಬಿಗಿಯಿರಿ. ವಯರು ಉದ್ದವಾಯಿತೆಂದು ಕತ್ತರಿಸಬೇಡಿ, ಸುತ್ತಿ ಕಟ್ಟಿಡಿ.

ಇನ್ನೊಂದು ವಿಷಯ. ಸೆನ್ಸರ್ ಹೇಳುವುದು ತನ್ನ ಕೆಳಗಿನ ನೀರನ್ನು. ಎಂಜಿನ್ನಿನ ಕಾಲು ಅದಕ್ಕಿಂತ ಕೆಳಗಿರುತ್ತದೆ. ಮೊದಲ ತಿಂಗಳು ಪರದೆ 0.4 ಮೀಟರ್ ಎನ್ನುತ್ತಿರುವಾಗಲೇ ಪ್ರೊಪೆಲ್ಲರ್ ಮರಳು ಕೆದಕಿತ್ತು. ಅಳೆದರೆ 45 ಸೆಂಟಿಮೀಟರ್ ವ್ಯತ್ಯಾಸ. ಸೆಟ್ಟಿಂಗಿನಲ್ಲಿ ಆಫ್‌ಸೆಟ್ ಎಂಬ ಕಡೆ ಮೈನಸ್ 0.5 ಹಾಕಿದ್ದೇನೆ, ಅಂದರೆ ಅಳೆದ ಆಳದಿಂದ ಅರ್ಧ ಮೀಟರ್ ಕಳೆದೇ ಪರದೆ ತೋರಿಸುತ್ತದೆ. ಈಗ ಪರದೆಯಲ್ಲಿ ಸೊನ್ನೆ ಬಂದರೂ ಎಂಜಿನ್ನಿನ ಕೆಳಗೆ ಎರಡು ಬೆರಳು ನೀರಿರುತ್ತದೆ.