ಎಡಗೈ ಕೇಳಬೇಕು ಅಂದರೆ ಫ್ಯಾಟ್ಸ್ ವಾಲರ್

ಮೊದಲೇ ಹೇಳಿಬಿಡುತ್ತೇನೆ, ಈ ಎರಡು ಸಿಡಿಗಳಲ್ಲಿ ಹಾಡು ಇಲ್ಲ. ಅಮೆರಿಕದ ಜಾಝ್ ಸಂಗೀತಗಾರ ಫ್ಯಾಟ್ಸ್ ವಾಲರ್ ಅಂದರೆ ಹುಬ್ಬು ಕುಣಿಸುತ್ತ, ಹಾಡುತ್ತ, ನಡುನಡುವೆ ತಮಾಷೆ ಮಾತು ಎಸೆಯುತ್ತ ಪಿಯಾನೊ ಬಾರಿಸುವ ದಪ್ಪ ಮನುಷ್ಯ ಅಂತ ಗೊತ್ತಿರುವವರಿಗೆ ನಿರಾಸೆ ಆಗಬಹುದು. ಇಲ್ಲಿ ಡ್ರಮ್ಸ್ ಇಲ್ಲ, ಟ್ರಂಪೆಟ್ ಇಲ್ಲ, ಮಾತೂ ಇಲ್ಲ. ಬರೀ ಪಿಯಾನೊ. ನನಗೆ ಬೇಕಾಗಿದ್ದೂ ಅದೇ.

ಸೆಟ್ಟಿನ ಹೆಸರು ‘ಟರ್ನ್ ಆನ್ ದ ಹೀಟ್’. 1991ರಲ್ಲಿ ಬ್ಲೂಬರ್ಡ್ ಲೇಬಲ್ ಹೊರತಂದದ್ದು. 1920ರ ದಶಕದ ಕೊನೆಯಿಂದ 1941ರವರೆಗೆ ವಾಲರ್ ಬಾರಿಸಿದ ಪಿಯಾನೊ ರೆಕಾರ್ಡುಗಳು ಇದರಲ್ಲಿವೆ. ನಾನು ತರಿಸಿದ್ದು ಸೆಕೆಂಡ್ ಹ್ಯಾಂಡ್. ಮಾರಿದವರು ‘ಹೊಸದರ ಹಾಗೇ ಇದೆ’ ಅಂತ ಬರೆದಿದ್ದರು. ಡಬ್ಬಿ ಎರಡು ಕಡೆ ಸೀಳಿತ್ತು. ಪುಣ್ಯಕ್ಕೆ ಸಿಡಿಗಳಿಗೆ ಏನೂ ಆಗಿರಲಿಲ್ಲ.

ನಾನು ಧಾರವಾಡದ ಮಾಳಮಡ್ಡಿಯಲ್ಲಿ ಮಕ್ಕಳಿಗೆ ಪೇಟಿ, ಅಂದರೆ ಹಾರ್ಮೋನಿಯಂ, ಕಲಿಸುವವನು. ಭಜನೆಗೆ, ದಾಸರ ಪದಕ್ಕೆ, ಒಮ್ಮೊಮ್ಮೆ ಖ್ಯಾಲಿಗೂ ಸಾಥ್ ಕೊಡುತ್ತೇನೆ. ಪೇಟಿಯವನ ಎಡಗೈ ಜನ್ಮವಿಡೀ ತಿದಿ ಒತ್ತುವುದರಲ್ಲೇ ಕಳೆಯುತ್ತದೆ. ಸ್ವರವೆಲ್ಲ ಬಲಗೈಯದು. ಹಾಗಾಗಿ ಈ ಬರಹ ಹೆಚ್ಚುಕಡಿಮೆ ಎಡಗೈ ಬಗ್ಗೆಯೇ ಆಗಿಬಿಟ್ಟರೆ ಬೇಜಾರು ಮಾಡಿಕೊಳ್ಳಬೇಡಿ.

ವಾಲರ್ ಬಾರಿಸುವ ಶೈಲಿಗೆ ಸ್ಟ್ರೈಡ್ ಅನ್ನುತ್ತಾರೆ. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಬೆಳೆದ ಶೈಲಿ. ಲೆಕ್ಕ ಸರಳ. ನಾಲ್ಕು ಏಟು. ಒಂದು ಮತ್ತು ಮೂರನೇ ಏಟಿಗೆ ಎಡಗೈ ಕೆಳಗಿನ ಸಪ್ತಕಕ್ಕೆ ಹೋಗಿ ದಪ್ಪ ಸ್ವರ ಒತ್ತುತ್ತದೆ. ಎರಡು ಮತ್ತು ನಾಲ್ಕಕ್ಕೆ ನಡುಭಾಗಕ್ಕೆ ಹಾರಿ ಬಂದು ಮೂರ್ನಾಲ್ಕು ಸ್ವರ ಒಟ್ಟಿಗೆ ಒತ್ತುತ್ತದೆ. ಮತ್ತೆ ಕೆಳಗೆ, ಮತ್ತೆ ಮೇಲೆ. ಬಲಗೈ ಅದರ ಮೇಲೆ ತನ್ನ ಆಟ ಆಡುತ್ತದೆ. ಅಂದರೆ ಲಯವೂ ಎಡಗೈದೇ, ಆಧಾರವೂ ಎಡಗೈದೇ. ನಮ್ಮ ಓಣಿಯ ತಬಲಾ ಮಾಸ್ತರರಿಗೆ ಒಂದು ಸಂಜೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ, “ಮಾಸ್ತರ್, ಇವಗ ತಬಲಾದವ ಬ್ಯಾಡ ಬಿಡ್ರಿ. ನಮ್ಮ ಹೊಟ್ಟಿ ಮ್ಯಾಲೆ ಹೊಡದಾನ” ಅಂದರು.

ಇಷ್ಟನ್ನು ಸ್ಟ್ರೈಡ್ ಬಾರಿಸುವ ಯಾರು ಬೇಕಾದರೂ ಮಾಡುತ್ತಾರೆ. ವಾಲರ್‌ನ ವಿಶೇಷ ಬೇರೆ. ಅವನ ಕೈ ದೊಡ್ಡದು. ಕೆಳಗಿನ ಸಾ ಮೇಲೆ ಕಿರುಬೆರಳು ಇಟ್ಟು, ಮುಂದಿನ ಸಪ್ತಕದ ಗ ಮೇಲೆ ಹೆಬ್ಬೆರಳು ಇಡಬಲ್ಲ. ಪಿಯಾನೊದ ಹತ್ತು ಬಿಳಿ ಮನೆಗಳ, ಅಂದರೆ ಕೀಲಿಗಳ, ಅಗಲ. ನನ್ನ ಹತ್ತಿರ ಕೀಬೋರ್ಡ್ ಕಲಿಯಲು ಬರುವ ಒಬ್ಬಳು ಹುಡುಗಿ ಪ್ರಯತ್ನ ಮಾಡಿದಳು. ಸಪ್ತಕ ದಾಟಿ ಒಂದು ಮನೆಗೇ ಕೈ ನಿಂತಿತು. “ಸರ್, ಇವರ ಕೈ ಎಷ್ಟ್ ಉದ್ದ ಐತ್ರಿ?” ಅಂತ ಕೇಳಿದಳು. ಆದರೆ ಕೈ ಉದ್ದ ಇದ್ದರಷ್ಟೇ ಆಗಲಿಲ್ಲ, ಅಲ್ವಾ? ಆ ಹೆಬ್ಬೆರಳಿನ ಸ್ವರಗಳನ್ನಷ್ಟೇ ಹಿಡಿದು ಗುನುಗಿ ನೋಡಿ. ಅದೇ ಒಂದು ಬೇರೆ ಚಾಲಿ, ಅಂದರೆ ಬೇರೆ ಧಾಟಿ. ಬಲಗೈಯ ಚಾಲಿ ಮೇಲೆ ನಡೆದಿರುವಾಗ ಎಡಗೈಯ ಹೆಬ್ಬೆರಳು ಸುಮ್ನೆ ತನ್ನ ಪಾಡಿಗೆ ಇನ್ನೊಂದು ಹೇಳುತ್ತಿರುತ್ತದೆ.

ಪೇಟಿಯಲ್ಲಿ ಒಂದು ಸ್ವರ ಜೋರಾಗಿ, ಪಕ್ಕದ್ದು ಮೆಲ್ಲಗೆ ಬರಬೇಕಾದರೆ ತಿದಿಯಿಂದಲೇ ಆಗಬೇಕು. ಒಟ್ಟಿಗೆ ಒತ್ತಿದ ಎರಡು ಸ್ವರಕ್ಕೆ ಎರಡು ತೂಕ ಕೊಡಲು ಬರುವುದಿಲ್ಲ. ಪಿಯಾನೊದಲ್ಲಿ ಒಂದೊಂದು ಬೆರಳಿಗೂ ಒಂದೊಂದು ತೂಕ. ವಾಲರ್ ಇದನ್ನು ಬಳಸಿಕೊಳ್ಳುವ ರೀತಿಗೇ ನಾನು ಸೋತದ್ದು. ಅಷ್ಟು ದಪ್ಪ ಮನುಷ್ಯ, ಅಷ್ಟು ದೊಡ್ಡ ಕೈ, ಆದರೆ ಎಲ್ಲೂ ಗುದ್ದುವುದಿಲ್ಲ. ಜೋರು ಬಾರಿಸಿದಾಗಲೂ ಸ್ವರ ದುಂಡಗೇ ಇರುತ್ತದೆ. ವೇಗ ಬೇಕಾದವರು ಇನ್ನೊಬ್ಬ ಜಾಝ್ ಪಿಯಾನೊದವ ಆರ್ಟ್ ಟೇಟಮ್‌ನನ್ನು ಕೇಳಲಿ. ಅವನೂ ವಾಲರ್‌ನಿಂದ ಕಲಿತವನೇ. ಟೇಟಮ್ ಕೇಳಿದರೆ ನನಗೆ ಬಾಯಿ ಕಟ್ಟುತ್ತದೆ. ವಾಲರ್ ಕೇಳಿದರೆ ಕಾಲು ತಾನಾಗಿ ತಾಳ ಹಾಕುತ್ತದೆ. ನನ್ನ ಮತ ಕಾಲಿಗೆ.

1929ರ ಮಾರ್ಚ್ 1ನೇ ತಾರೀಖಿನ ಎರಡು ರೆಕಾರ್ಡುಗಳನ್ನು ಬೆನ್ನಿಗೆ ಬೆನ್ನಿಗೆ ಕೇಳಿ. ಒಂದು ‘ಹ್ಯಾಂಡ್‌ಫುಲ್ ಆಫ್ ಕೀಸ್’. ದ್ರುತ್ ಲಯ, ಉಸಿರು ಬಿಡಲು ಜಾಗ ಇಲ್ಲ, ಆದರೂ ಒಂದು ಏಟು ಅತ್ತಿತ್ತ ಆಗುವುದಿಲ್ಲ. ಇನ್ನೊಂದು ‘ನಂಬ್ ಫಂಬ್ಲಿನ್’. ನಿಧಾನದ ಬ್ಲೂಸ್. ಎಡಗೈ ಆರಾಮಾಗಿ ನಡೆಯುತ್ತದೆ, ಬಲಗೈ ಮೇಲೆ ಸಣ್ಣ ಸಣ್ಣ ಮುರ್ಕಿ ಬಿಡಿಸುತ್ತದೆ. ಆ ದಿನ ಅವನಿಗೆ ಇನ್ನೂ ಇಪ್ಪತ್ನಾಲ್ಕು ವಯಸ್ಸು.

1934ರ ‘ವೈಪರ್ಸ್ ಡ್ರ್ಯಾಗ್’ ನನ್ನ ಮೆಚ್ಚಿನದು. ಶುರುವಿನಲ್ಲಿ ಕೋಮಲ ಗಾಂಧಾರದ ಗುಂಗು, ಎಡಗೈ ಕಳ್ಳಹೆಜ್ಜೆ ಹಾಕಿದಂತೆ ಬರುತ್ತದೆ. ಏನೋ ಆಗಬಾರದ್ದು ಆಗುತ್ತದೆ ಅನಿಸುವಷ್ಟರಲ್ಲಿ ಗಾಂಧಾರ ಶುದ್ಧ ಆಗಿ, ಲಯ ಏರಿ, ಕುಣಿತ ಶುರು! ಕೊನೆಗೆ ಮತ್ತೆ ಆ ಕಳ್ಳಹೆಜ್ಜೆ. ಹೆದರಿಸಿದ್ದು ಸುಳ್ಳು ಅಂತ ನಿಮಗೂ ಗೊತ್ತು, ಅವನಿಗೂ ಗೊತ್ತು. ಹಾಡಿಲ್ಲದೆ, ಮಾತಿಲ್ಲದೆ ಬರೀ ಬೆರಳಲ್ಲಿ ನಗಿಸುವುದು ಅಂದರೆ ಇದು.

ಇದೆಲ್ಲ ಮೂರು ನಿಮಿಷದೊಳಗೆ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಾಲದ ಗ್ರಾಮಫೋನ್ ತಟ್ಟೆಯಲ್ಲಿ ಅಷ್ಟೇ ಜಾಗ. ನಮ್ಮ ಗಂಗೂಬಾಯಿ ಹಾನಗಲ್ ‘ಗಾಂಧಾರಿ ಹುಬ್ಬಳ್ಳಿ’ ಅನ್ನುವ ಹೆಸರಲ್ಲಿ ಹಾಡಿದ ಹಳೆಯ ರೆಕಾರ್ಡುಗಳನ್ನು ಕೇಳಿದವರಿಗೆ ಈ ಇಕ್ಕಟ್ಟು ಗೊತ್ತು. ಆಲಾಪಕ್ಕೆ ಪುರುಸೊತ್ತು ಇಲ್ಲ. ಮೊದಲ ಸ್ವರದಲ್ಲೇ ರಾಗ ನಿಲ್ಲಬೇಕು. ವಾಲರ್ ಕೂಡ ಮೊದಲ ನಾಲ್ಕು ಏಟಿನಲ್ಲೇ ಬೈಠಕ್ ಹಿಡಿದುಬಿಡುತ್ತಾನೆ.

ಗುರುಪರಂಪರೆ ಇಲ್ಲೂ ಇದೆ. ವಾಲರ್‌ನ ಗುರು ಜೇಮ್ಸ್ ಪಿ. ಜಾನ್ಸನ್. ಅವರ ‘ಕೆರೊಲಿನಾ ಶೌಟ್’ ಅಂದರೆ ಹಾರ್ಲೆಮ್ಮಿನ ಪಿಯಾನೊ ಹುಡುಗರಿಗೆಲ್ಲ ಪರೀಕ್ಷೆಯ ಪಾಠ. ತೂತು ಹೊಡೆದ ಕಾಗದದ ಸುರುಳಿ ಹಾಕಿದರೆ ತಾನಾಗಿ ಬಾರಿಸುವ ಪಿಯಾನೊ ಆಗ ಇತ್ತು. ಅದರಲ್ಲಿ ಮನೆಗಳು ತಾವಾಗಿ ಇಳಿಯುವಾಗ ಅವುಗಳ ಮೇಲೆ ಬೆರಳಿಟ್ಟು ವಾಲರ್ ಈ ಪಾಠ ಕಲಿತ ಅನ್ನುತ್ತಾರೆ. ಜಾನ್ಸನ್ 1921ರಲ್ಲಿ ಬಾರಿಸಿದ್ದನ್ನು ಶಿಷ್ಯ 1941ರಲ್ಲಿ ರೆಕಾರ್ಡ್ ಮಾಡಿದ. ಗುರುವಿನದು ಬಿಗಿ. ಶಿಷ್ಯನದು ಅದೇ ಬಂದಿಶ್, ಆದರೆ ಅಂಚು ಸವೆದು ನುಣುಪಾಗಿದೆ. ನನಗೆ ಇಬ್ಬರೂ ಬೇಕು. ಅದೇ 1941ರ ದಿನ ಅವನು ತನ್ನದೇ ಹಳೆಯ ‘ಹನಿಸಕಲ್ ರೋಸ್’ ಬಾರಿಸಿ, ಅದಕ್ಕೆ ‘ಬಾಖ್-ಬೀಥೋವನ್-ಬ್ರಾಮ್ಸ್-ವಾಲರ್ ಶೈಲಿ’ ಅಂತ ಅಡಿಬರಹ ಕೊಟ್ಟ. ಯುರೋಪಿನ ಶಾಸ್ತ್ರೀಯ ಸಂಗೀತದ ಮೂವರು ಮಹಾನುಭಾವರ ಪಕ್ಕ ಕುರ್ಚಿ ಎಳೆದುಕೊಂಡು ತಾನೂ ಕೂತ, ನೋಡಿ! ಎರಡು ವರ್ಷದ ನಂತರ, 1943ರ ಡಿಸೆಂಬರಿನಲ್ಲಿ, ರೈಲು ಪ್ರಯಾಣದಲ್ಲೇ ನ್ಯುಮೋನಿಯಾದಿಂದ ತೀರಿಕೊಂಡ. ವಯಸ್ಸು 39.

ಇನ್ನು ತಕರಾರು. ಹಳೆಯ ತಟ್ಟೆಗಳ ಸರಸರ ಸದ್ದು ಹಿಂದೆ ಇದ್ದೇ ಇದೆ. ಆಕಾಶವಾಣಿಯ ಹಳೆಯ ಧ್ವನಿಮುದ್ರಣ ಕೇಳಿ ಬೆಳೆದ ಕಿವಿಗೆ ಅದು ತೊಂದರೆ ಅಲ್ಲ. ಆದರೆ ಅಂಗೈಯಗಲದ ಬ್ಲೂಟೂತ್ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಕೆಳಗಿನ ಸ್ವರ ಪೂರ್ತಿ ಹೋಗಿ ಎಡಗೈಯೇ ಕಾಣೆಯಾಗುತ್ತದೆ. ಹೆಡ್‌ಫೋನ್ ಹಾಕಿ. ಎರಡೂ ಸಿಡಿ ಒಂದೇ ಬೈಠಕ್ಕಿಗೆ ಮುಗಿಸಲೂ ಹೋಗಬೇಡಿ. ಆರೇಳು ರೆಕಾರ್ಡ್ ಆದಮೇಲೆ ಆ ಮೇಲೆ-ಕೆಳಗೆ ನಡಿಗೆ ಕಿವಿಗೆ ಭಾರ ಆಗುತ್ತದೆ. 1929ರ ಕೆಲವು ಸಿನಿಮಾ-ನಾಟಕದ ಹಾಡುಗಳ ಚಾಲಿಗಳೇ ಸಪ್ಪೆ. ವಾಲರ್ ಎಷ್ಟು ಉಪ್ಪು ಹಾಕಿದರೂ ಅಷ್ಟಕ್ಕಷ್ಟೇ. ನಾನು ದಾಟಿಸಿ ಮುಂದೆ ಹೋಗುತ್ತೇನೆ.

ಸಿಡಿ ಪ್ಲೇಯರ್ ಇಲ್ಲದವರು ಸೆಟ್ ಹುಡುಕುತ್ತ ಕೂರಬೇಕಾಗಿಲ್ಲ. ನಾನು ಹೇಳಿದ ಹೆಸರುಗಳನ್ನು ಮೊಬೈಲಿನಲ್ಲಿ ಹುಡುಕಿದರೆ ರೆಕಾರ್ಡುಗಳು ಸಿಗುತ್ತವೆ. ಬೇರೆಯವರು ಬಾರಿಸಿದ್ದೂ ಬಹಳ ಇರುವುದರಿಂದ ವಾಲರ್ ಹೆಸರು, ವರ್ಷ ನೋಡಿಕೊಳ್ಳಿ. 1934ರಿಂದ ಶುರು ಮಾಡಿ, ಆಮೇಲೆ 1929ಕ್ಕೆ ಹಿಂದೆ ಹೋಗಿ.

ನನಗೆ ಉಳಿದಿರುವ ಆಸೆ ಒಂದೇ. ವಾಲರ್ ಚಿಕ್ಕಂದಿನಲ್ಲಿ ಚರ್ಚಿನ ಆರ್ಗನ್ ಬಾರಿಸಿದವನು. ಆಮೇಲೆ ಹಾರ್ಲೆಮ್ಮಿನ ಲಿಂಕನ್ ಥಿಯೇಟರಿನಲ್ಲಿ ಮೂಕಿ ಚಿತ್ರಗಳಿಗೆ ಆರ್ಗನ್ ಸಾಥ್ ಕೊಟ್ಟವನು. 1920ರ ದಶಕದಲ್ಲಿ ಪೈಪ್ ಆರ್ಗನ್ ರೆಕಾರ್ಡುಗಳನ್ನೂ ಮಾಡಿದ್ದಾನೆ. ಇದು ಪಿಯಾನೊ ಸೆಟ್, ಹಾಗಾಗಿ ಅವು ಇದರಲ್ಲಿಲ್ಲ. ಗಾಳಿ ತುಂಬಿ ನುಡಿಸುವ ವಾದ್ಯ ಅವನ ಕೈಯಲ್ಲಿ ಹೇಗೆ ನುಡಿಯಿತು ಅಂತ ಪೇಟಿಯವನಿಗೆ ಕುತೂಹಲ ಇರುವುದಿಲ್ಲವೇ? ಆ ಸಿಡಿ ಹುಬ್ಬಳ್ಳಿ-ಧಾರವಾಡದಲ್ಲಿ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಎರಡು ದಿನಕ್ಕೆ ಕಡ ಕೊಟ್ಟರೆ ಸಾಕು, ಇದನ್ನು ನಿಮಗೆ ಕೊಟ್ಟಿರುತ್ತೇನೆ. ಡಬ್ಬಿ ಮಾತ್ರ ಕೇಳಬೇಡಿ.