ಮಳೆಗಾಲದ ಸಂಜೆಗೆ ‘ಬಂಧನ’ವೋ, ‘ಮುಂಗಾರು ಮಳೆ’ಯೋ?

ಸಾಗರದ ಕಡೆ ಮಳೆ ಹಿಡಿಯಿತೆಂದರೆ ಸಂಜೆಗೆ ಸಿನಿಮಾವೇ ಗತಿ. ಅಳಬೇಕು ಅನ್ನಿಸಿದರೆ ನಮ್ಮನೆಯಲ್ಲಿ ಎರಡೇ ಹೆಸರು.

‘ಮುಂಗಾರು ಮಳೆ’ (2006) ನಗಿಸುತ್ತಾ ಅಳಿಸುತ್ತದೆ. ಗಣೇಶ್ ಮಾತು, ದೇವದಾಸ ಅನ್ನೋ ಮೊಲ, ನಮ್ಮದೇ ಜೋಗ. ಮಕ್ಕಳ ಜೊತೆ ನೋಡೋದಾದರೆ ಇದೇ ಸರಿ.

1984ರ ‘ಬಂಧನ’ ಹಾಗಲ್ಲ. ಡಾಕ್ಟರ್ ಹರೀಶ್ ಮನಸ್ಸಿನ ಮಾತು ಹೇಳುವಷ್ಟರಲ್ಲಿ ನಂದಿನಿ ಬೇರೆಯವರ ಪಾಲಾಗಿರುತ್ತಾಳೆ. ‘ನೂರೊಂದು ನೆನಪು’ ಶುರುವಾದರೆ ನಮ್ಮ ಚಿಕ್ಕಮ್ಮ ಹಲಸಿನ ಹಪ್ಪಳ ಕೈಯಲ್ಲೇ ಹಿಡಿದು ಕೂತುಬಿಡುತ್ತಾರೆ. ಹಾಡು ಮುಗಿಯುವಾಗ ಹಪ್ಪಳ ಮೆತ್ತಗಾಗಿರುತ್ತದೆ! ಎಸ್‌ಪಿಬಿ ದನಿಗೋ, ವಿಷ್ಣುವರ್ಧನ್ ಕಣ್ಣಿಗೋ, ಕೇಳಿದರೆ ಸುಮ್ನೆ ಸೆರಗಿನಲ್ಲಿ ಮೂಗು ಒರೆಸುತ್ತಾರೆ. ನಗು ಕಮ್ಮಿ, ನೋವು ಮಾತ್ರ ಜಾಸ್ತಿ ದಿನ ಉಳಿಯುತ್ತದೆ.

ಒಬ್ಬರೇ ಇದ್ದೀರಾ? ಹಾಗಾದರೆ ‘ಬಂಧನ’ವನ್ನೇ ಹಾಕಿ, ಕರೆಂಟ್ ಹೋಗುವ ಮೊದಲು.