ಅಡಿಸ್ ಅಬಾಬಾದಲ್ಲಿ ಬುಧವಾರದ ಊಟ

ಸಸ್ಯಾಹಾರಿಗಳು ಅಡಿಸ್ ಅಬಾಬಾಗೆ ಹೋದರೆ ಬುಧವಾರ ಇಲ್ಲವೇ ಶುಕ್ರವಾರ ಹೋಟೆಲ್ ಊಟ ಮಾಡಿ. ಇಥಿಯೋಪಿಯಾ, ಎರಿಟ್ರಿಯಾದ ಆರ್ಥೊಡಾಕ್ಸ್ ಕ್ರೈಸ್ತರಿಗೆ ಅವು ಉಪವಾಸದ ದಿನ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ.

ನಗರದ ಬೋಲೆ ಬಡಾವಣೆ ಕಡೆಯ ಒಂದು ಚಿಕ್ಕ ಹೋಟೆಲಿನಲ್ಲಿ ಬೆಯೈನೆತು, ಅಂದರೆ ಬಗೆಬಗೆ ಪದಾರ್ಥಗಳ ತಟ್ಟೆ, ಹೇಳಿದೆ. ತಟ್ಟೆಯಗಲದ, ದೋಸೆಯಂಥ ಇಂಜೆರಾ, ಅದರ ಮೇಲೆ ಮಸೂರ್ ಬೇಳೆಯ ಕೆಂಪು ಮಿಸಿರ್, ಕಡಲೆ ಹಿಟ್ಟಿನ ಶಿರೋ, ಎಲೆಕೋಸು, ಸೊಪ್ಪು. ಇಂಜೆರಾ ಮಾಡುವುದು ಟೆಫ್‌ನಿಂದ, ರಾಗಿಗಿಂತಲೂ ಸಣ್ಣ ಕಾಳು. (ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ನಾಡೇ ಅಲ್ವಾ!) ಹಿಟ್ಟು ಕೆಲವು ದಿನ ಹುಳಿ ಬಂದ ಮೇಲೆ ಒಂದೇ ಬದಿ ಬೇಯಿಸುತ್ತಾರೆ. ಮೇಲೆಲ್ಲ ತೂತು. ಶಿರೋ ಆ ತೂತುಗಳಲ್ಲಿ ಇಳಿದು ನೆನೆದಿರುತ್ತೆ. ಹಾಗಾಗಿ ತಳದ ತುಂಡನ್ನು ಯಾರಿಗೂ ಬಿಡಬೇಡಿ. ಮಿಸಿರ್‌ನಲ್ಲಿ ಬೆರ್ಬೆರೆ ಎಂಬ ಮೆಣಸಿನಕಾಯಿ ಮಸಾಲೆ ಪುಡಿ ಧಾರಾಳ. ಬ್ಯಾಡಗಿಗೆ ಒಗ್ಗಿದ ನಾಲಿಗೆಗೆ ಖಾರ ಗೊತ್ತಾಗುತ್ತೆ.

ಒಂದೇ ತಟ್ಟೆಗೆ ಎಲ್ಲರೂ ಕೈ ಹಾಕಬೇಕು. ಜೊತೆಗಿದ್ದ ಅಲ್ಲಿನ ಸಹೋದ್ಯೋಗಿ ತುತ್ತು ಸುತ್ತಿ ನನ್ನ ಬಾಯಿಗೇ ಇಟ್ಟರು. ಅದು ಗುರ್ಶಾ, ಪ್ರೀತಿಯ ತುತ್ತು. ಬೇಡ ಅಂದರೆ ಬೇಜಾರಾಗುತ್ತಾರೆ.

ಕಾಫಿ ಬೀಜವನ್ನು ಕಣ್ಣೆದುರೇ ಹುರಿದು, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿದರು. ಕ್ರಮ 3 ಸುತ್ತಿನದು. ಇವರು 2ನೇ ಸುತ್ತಿಗೇ ಬಿಲ್ ತಂದಿಟ್ಟರು. ಅದೊಂದು ಸರಿ ಅನಿಸಲಿಲ್ಲ.